ವಸಂತದ ಪುಟದಿಂದ ತೆಗೆದ ನಾಲ್ಕು ಸಾಲು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಚಿತ್ರದುರ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ನಾಲ್ಕು ಪುಟದ ಪತ್ರಿಕೆ. ಭಾನುವಾರ ಮಾತ್ರ ಆರು ಪುಟ. ಆ ಹೆಚ್ಚಿನ ಎರಡು ಪುಟಗಳಲ್ಲಿ ಒಂದು ಹೆಂಗಸರಿಗೆ ಮೀಸಲು. ಅದನ್ನು ಬರೆಯುತ್ತಿದ್ದವಳು 'ಗೃಹಿಣಿ'. ಅವಳ ಹೆಸರಿಗೆ ಪ್ರತಿವಾರ ಕಾಗದಗಳು ಬರುತ್ತಿದ್ದವು: ಉಪ್ಪಿನಕಾಯಿಗೆ ಬೂಸು ಹಿಡಿದರೆ ಏನು ಮಾಡಬೇಕು, ಮಗುವಿಗೆ ಬೆವರುಸಾಲೆ ಎದ್ದರೆ ಏನು ಹಚ್ಚಬೇಕು. ಆ ಗೃಹಿಣಿ ನಾನೇ. ಆಗ ನನಗೆ ಇಪ್ಪತ್ತಾರು ವರ್ಷ. ಮದುವೆಯಾಗಿರಲಿಲ್ಲ. ಎರಡು ಹೊತ್ತೂ ಹೋಟೆಲಿನಲ್ಲಿ ಊಟ.

ನನಗೆ ಗೊತ್ತಿಲ್ಲದ್ದನ್ನೆಲ್ಲ ಹೊಸದುರ್ಗದಲ್ಲಿದ್ದ ನನ್ನ ಅಕ್ಕ ಬರೆದು ಕಳಿಸುತ್ತಿದ್ದಳು. ಭಾವ ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನೌಕರರ ಮನೆಗಳ ಒಂದು ಸಾಲಿನಲ್ಲಿ ಅವರ ಮನೆ. ಎರಡು ಮಕ್ಕಳು. ಅಕ್ಕ ಇನ್‌ಲ್ಯಾಂಡ್ ಕಾಗದದ ಮೂರು ಮಡಿಕೆಯನ್ನೂ ತುಂಬಿಸಿ, ಅಂಚಿನಲ್ಲೂ ಬರೆಯುತ್ತಿದ್ದಳು. ನಾನು ಅದನ್ನು ಗ್ರಾಂಥಿಕ ಮಾಡಿ, ಗೃಹಿಣಿಯ ಹೆಸರು ಹಾಕಿ ಅಚ್ಚಿಗೆ ಕೊಡುತ್ತಿದ್ದೆ.

ಯುಗಾದಿಗೆ ಇನ್ನೂ ಮೂರು ವಾರ ಇರುವಾಗ ಸಂಪಾದಕರು ಕರೆದು, "ಚಳಿ ಹೋಯ್ತು. ವಸಂತ ಅಂತ ಒಂದು ಪುಟ ಮಾಡು. ಮನೆ, ಊಟ, ಪ್ರವಾಸ, ಉಡುಪು. ಓದಿದೋರಿಗೆ ಎದ್ದು ಏನಾದ್ರೂ ಮಾಡಬೇಕು ಅನ್ನಿಸಬೇಕು," ಎಂದರು. ನಾನು ಅಕ್ಕನಿಗೆ ಬರೆದೆ. ನಾಲ್ಕು ದಿನಕ್ಕೆ ಉತ್ತರ ಬಂತು.

ಅವಳು ಬರೆದದ್ದು ಇಷ್ಟು. ಕಂಬಳಿಗಳನ್ನು ಒಂದು ದಿನ ಪೂರ್ತಿ ಹಿತ್ತಲ ಬಿಸಿಲಿಗೆ ಹಾಕಬೇಕು, ಕೊಡವಿ, ನಡುವೆ ಬೇವಿನ ಸೊಪ್ಪು ಇಟ್ಟು ಪೆಟ್ಟಿಗೆಗೆ ಸೇರಿಸಬೇಕು. ಗೋಡೆಗೆ ಸುಣ್ಣ ಬಳಿಯಲು ಇದೇ ಸಮಯ. ಸೆಕೆ ಶುರುವಾದರೆ ಅಡುಗೆಮನೆಯಲ್ಲಿ ಬೇಯುವುದು ಯಾಕೆ, ಸೀಮೆಎಣ್ಣೆ ಸ್ಟೌವನ್ನು ಹಿತ್ತಲಿಗೆ ತಂದು ಹೊಂಗೆ ಮರದ ನೆರಳಲ್ಲಿ ಅಡುಗೆ ಮಾಡಿಕೊಳ್ಳಬಹುದು. ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಇಂಗು ಹಾಕಿದ ನೀರುಮಜ್ಜಿಗೆ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ ಹಾಕಬೇಕು, ಇಲ್ಲದಿದ್ದರೆ ನೀರು ಬಿಡುತ್ತದೆ. ಬುತ್ತಿ ಕಟ್ಟಿಕೊಂಡು ಮಾರಿಕಣಿವೆ ಅಣೆಕಟ್ಟಿಗೆ ಹೋದರೆ ಕಟ್ಟೆಯ ಮೇಲೆ ತಣ್ಣಗೆ ಗಾಳಿ ಬರುತ್ತದೆ, ಮಕ್ಕಳಿಗೆ ಖುಷಿ. ಅಲ್ಲಿಗೆ ಹೋಗುವಾಗ ನೈಲಾನ್ ಸೀರೆ ಒಳ್ಳೆಯದು. ಹಗುರ, ಬಸ್ಸಿನಲ್ಲಿ ಸುಕ್ಕಾಗುವುದಿಲ್ಲ, ನೀರು ಬಿದ್ದರೆ ನೋಡುತ್ತಿದ್ದ ಹಾಗೆ ಒಣಗುತ್ತದೆ. ಹಿಂದಿನ ದೀಪಾವಳಿಗೆ ನಾನೇ ಅವಳಿಗೊಂದು ಹಸಿರು ನೈಲಾನ್ ಸೀರೆ ಕೊಟ್ಟಿದ್ದೆ. ಕಾಗದದ ಅಂಚಿನಲ್ಲಿ, ಕೊನೆಗೆ, ಇನ್ನೊಂದು ಮಾತು ಬರೆದಿದ್ದಳು. ಅದನ್ನೂ ನಾನು ಹೀಗೆ ಬರೆದುಕೊಂಡೆ:

"ನೈಲಾನ್ ಸೀರೆ ಉಟ್ಟು ಒಲೆಯ ಮುಂದೆ ಹೋಗಬೇಡಿ. ಹತ್ತಿಯ ಸೀರೆಗೆ ಕಿಡಿ ತಗುಲಿದರೆ ಕಿತ್ತು ಎಸೆಯಬಹುದು. ಇದು ಕರಗಿ ಮೈಗೆ ಅಂಟುತ್ತದೆ. ಅಡುಗೆ ಮುಗಿಸಿ, ಒಲೆ ಆರಿಸಿ, ಆಮೇಲೆ ಉಡಿ."

ಅಚ್ಚಿನ ಮೊಳೆ ಜೋಡಿಸಿದಾಗ ಇದು ನಾಲ್ಕು ಸಾಲು ಆಯಿತು.

ಶನಿವಾರ ಸಂಜೆ ಮೊಳೆ ಜೋಡಿಸುವ ಹಿರಿಯರು ಒದ್ದೆ ಪ್ರೂಫ್ ಹಿಡಿದು ನನ್ನ ಮೇಜಿಗೆ ಬಂದರು. "ನಾಲ್ಕು ಸಾಲು ಉಳೀತಲ್ರಿ. ಕೆಳಗೆ ಜಾಹೀರಾತು ಐತೆ, ಅದನ್ನ ಅಲುಗಾಡಿಸಂಗಿಲ್ಲ."

"ಕೊನೇದು ತೆಗೀರಿ," ಎಂದೆ.

"ಒಂದ್ಸಲ ಓದಿ ನೋಡ್ರಿ."

"ಬರೆದೋನು ನಾನೇ ಅಲ್ವಾ. ತೆಗೀರಿ."

ಅವರು ಹೋಗಿ ಆ ನಾಲ್ಕು ಸಾಲು ಬಿಚ್ಚಿದರು. ಮೊಳೆಗಳು ಒಂದೊಂದೇ ತಮ್ಮ ಖಾನೆಗೆ ಬೀಳುವ ಸದ್ದು ನನಗೆ ಕೇಳಿಸುತ್ತಿತ್ತು. ಅದು ನಿತ್ಯ ಕೇಳುವ ಸದ್ದು. ನಾನು ತಲೆ ಎತ್ತಲಿಲ್ಲ.

ಇದಕ್ಕೊಂದು ಕಾರಣವಿದೆ. ಸುದ್ದಿಮನೆಯಲ್ಲಿ ನಮಗೆ ಮೊದಲ ದಿನ ಕಲಿಸುವ ಪಾಠವೇ ಅದು. ಮುಖ್ಯವಾದದ್ದು ಮೇಲೆ ಬರಬೇಕು. ಬಿಟ್ಟರೂ ನಡೆಯುವಂಥದ್ದು ಕೊನೆಗೆ. ಜಾಗ ಸಾಲದಿದ್ದರೆ ಕಣ್ಣು ಮುಚ್ಚಿಕೊಂಡು ಕೊನೆಯಿಂದ ಕತ್ತರಿಸು. ಅಕ್ಕನ ಮಾತಿನ ರೀತಿ ಬೇರೆ. ಅವಳು ಮುಖ್ಯವಾದದ್ದನ್ನು ಕೊನೆಗೆ ಹೇಳುತ್ತಿದ್ದಳು, ಬಾಗಿಲವರೆಗೆ ಬಂದು, ನಾವು ಚಪ್ಪಲಿ ಮೆಟ್ಟಿದ ಮೇಲೆ. ನಾನು ಅವಳ ಮಾತನ್ನು ಅವಳು ಹೇಳಿದ ಕ್ರಮದಲ್ಲೇ ಬರೆದುಕೊಂಡು, ನಮ್ಮ ಪಾಠದ ಪ್ರಕಾರ ಕತ್ತರಿಸಿದೆ.

ಪುಟ ಚೆನ್ನಾಗಿ ಬಂದಿದೆ ಎಂದರು ಸಂಪಾದಕರು.

ಮುಂದಿನ ಭಾನುವಾರ ಬೆಳಿಗ್ಗೆ ನನ್ನದೇ ಪಾಳಿ. ಆಗ ತಾಲ್ಲೂಕುಗಳ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಊರಿನ ವರದಿಗಾರರು ಕವರಿನ ಮೇಲೆ 'ಸುದ್ದಿ, ತುರ್ತು' ಎಂದು ಬರೆದು ಕಂಡಕ್ಟರ ಕೈಗೆ ಕೊಡುತ್ತಿದ್ದರು, ನಾವು ನಿಲ್ದಾಣಕ್ಕೆ ಹೋಗಿ ಇಸಿದುಕೊಳ್ಳುತ್ತಿದ್ದೆವು. ಹನ್ನೆರಡೂವರೆಗೆ ಹೊಸದುರ್ಗದ ಕವರ್ ಬಂತು. ನಿಲ್ದಾಣದಲ್ಲೇ ಒಡೆದೆ. ಒಂದು ಹಾಳೆ. ಅವಸರದ ಅಕ್ಷರ.

"ಸೀರೆಗೆ ಬೆಂಕಿ ತಗುಲಿ ಮಹಿಳೆಗೆ ತೀವ್ರ ಸುಟ್ಟ ಗಾಯ. ಇಂದು ಬೆಳಿಗ್ಗೆ ತಾಲ್ಲೂಕು ಕಚೇರಿ ನೌಕರರ ಮನೆಗಳ ಸಾಲಿನಲ್ಲಿ ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದಾಗ ಈ ಘಟನೆ ಸಂಭವಿಸಿದೆ. ವಯಸ್ಸು ಸುಮಾರು ಮೂವತ್ತು. ಹಸಿರು ನೈಲಾನ್ ಸೀರೆ ಉಟ್ಟಿದ್ದರೆಂದು ತಿಳಿದುಬಂದಿದೆ. ಆಸ್ಪತ್ರೆಗೆ ಸೇರಿಸಲಾಗಿದೆ. ಹೆಸರು ಮುಂದಿನ ಬಸ್ಸಿಗೆ."

ಸೀರೆಯ ಬಣ್ಣ ಬರೆಯಬೇಡಿ ಎಂದು ಆ ವರದಿಗಾರರಿಗೆ ನಾನೇ ಎರಡು ಸಲ ಹೇಳಿದ್ದೆ. ಬಣ್ಣ ಸುದ್ದಿಯಲ್ಲ ಎಂದು. ಅವತ್ತು ಆ ಒಂದು ಪದವನ್ನು ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಕಾಣಿಸಲಿಲ್ಲ. ಅಕ್ಕನಿಗೆ ಆಗ ಮೂವತ್ತೊಂದು.

ಕಚೇರಿಗೆ ಬಂದು ಹಾಳೆಯನ್ನು ಸಂಪಾದಕರ ಮುಂದೆ ಇಟ್ಟೆ. ಅವರು ಓದಿ, "ಹೆಸರಿಲ್ಲದೆ ಹಾಕಾಕಾಗಲ್ಲ. ಟ್ರಂಕ್ ಕಾಲ್ ಹಚ್ಚು," ಎಂದರು. ಆಮೇಲೆ ನನ್ನ ಮುಖ ನೋಡಿ, "ಯಾಕೋ?" ಎಂದರು.

"ನಮ್ಮಕ್ಕನ ಮನೆ ಅದೇ ಸಾಲಿನಾಗೈತೆ."

ಅವರು ಎದ್ದು ತಾವೇ ಫೋನು ತೆಗೆದುಕೊಂಡರು. ಎಕ್ಸ್‌ಚೇಂಜಿನಲ್ಲಿ ಲೈನ್ ಸಿಗಲಿಲ್ಲ. ಕಾಯಿರಿ ಎಂದರು. ಕಾದೆವು. ಗೋಡೆ ಗಡಿಯಾರದಲ್ಲಿ ಹನ್ನೆರಡು ನಿಮಿಷ. ಭಾವನ ಮನೆಯಲ್ಲಂತೂ ಫೋನಿಲ್ಲ, ಆಸ್ಪತ್ರೆಗೇ ಹಚ್ಚಬೇಕು, ಅಲ್ಲಿ ಯಾರು ಎತ್ತುತ್ತಾರೋ ಗೊತ್ತಿಲ್ಲ. ಒಂದೂಕಾಲಿಗೆ ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿತ್ತು. "ನೀನು ಹೊರಡು," ಎಂದರು ಸಂಪಾದಕರು.

ಬಸ್ಸಿನಲ್ಲಿ ಕುಳಿತ ಮೇಲೆ ನಾನು ಕಲಿತ ಹಾಗೆ ಯೋಚಿಸಲು ನೋಡಿದೆ. ಗೊತ್ತಿರುವುದು ಏನು, ಗೊತ್ತಿಲ್ಲದ್ದು ಏನು. ಆ ಸಾಲಿನಲ್ಲಿ ಹದಿನಾಲ್ಕು ಮನೆ. ಹದಿನಾಲ್ಕು ಹೆಂಗಸರು. ಹಸಿರು ನೈಲಾನ್ ಸೀರೆ ಯಾರ ಮನೆಯಲ್ಲಾದರೂ ಇರಬಹುದು. ಒಲೆಯ ಮುಂದೆ ಅದನ್ನು ಉಡಬಾರದು ಎಂದು ಬರೆದವಳೇ ಅಕ್ಕ, ಅವಳು ಹೇಗೆ ಉಡುತ್ತಾಳೆ? ಆ ಮಾತಿನ ಧೈರ್ಯ ಒಂದು ಮೈಲಿ ದಾರಿಯಷ್ಟು ನಿಂತಿತು. ಆಮೇಲೆ, ಪುಟ ಓದಿ ಭಾವ ವಾರದ ನಡುವೆ ಬರೆದಿದ್ದ ಕಾಗದ ನೆನಪಾಯಿತು. 'ನಿಮ್ಮ ಗೃಹಿಣಿ ಹೇಳಿದ್ದಾಳೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಮಾರಿಕಣಿವೆಗೆ ಹೊರಟಿದ್ದೇವೆ' ಎಂದು ತಮಾಷೆಯಾಗಿ ಬರೆದಿದ್ದರು. ಹೊರಟಿದ್ದೇವೆ ಎಂದರೆ ಅಕ್ಕನೂ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಮೊದಲೇ ಸೀರೆ ಉಟ್ಟು, ಆಮೇಲೆ ಬುತ್ತಿ ಮಾಡಲು ಕುಳಿತಿರಬಹುದು. ಹೊರಡುವ ದಿನ ಹೆಂಗಸರು ಹಾಗೆಯೇ ಮಾಡುತ್ತಾರೆ. ಬೇಡ ಎಂದು ಗೊತ್ತಿದ್ದೂ, ಐದೇ ನಿಮಿಷ ಎಂದು.

ಕೈಯಲ್ಲಿದ್ದ ಟಿಕೆಟ್ಟನ್ನು ಮಡಿಸಿ ಮಡಿಸಿ ಮೆತ್ತಗೆ ಮಾಡಿದ್ದೆ.

ಹೊಳಲ್ಕೆರೆಗೆ ಇನ್ನೂ ಸ್ವಲ್ಪ ದೂರವಿರುವಾಗ ಕುರಿಮಂದೆ ರಸ್ತೆಗೆ ಅಡ್ಡ ಬಂತು. ಎರಡು ನೂರು ಕುರಿ ಇದ್ದಿರಬೇಕು. ಡ್ರೈವರು ಎಂಜಿನ್ ಆರಿಸಿ ಬೀಡಿ ಹಚ್ಚಿದರು. ಆ ಬೆಂಕಿಕಡ್ಡಿಯನ್ನು ನೋಡಿ ನಾನು ಮುಖ ತಿರುಗಿಸಿದೆ. ಹೊರಗೆ ಹೊಂಗೆ ಮರಗಳೆಲ್ಲ ಹೊಸ ಎಲೆ ಬಿಟ್ಟು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಹಿಂದಿನ ವಾರ ಅವುಗಳ ಮೇಲೆ ನಾನೇ ಎರಡು ವಾಕ್ಯ ಬರೆದಿದ್ದೆ.

"ಲೇ ಕುರಿಯಪ್ಪಾ, ಬಿರ್ರನೆ ದಾಟಿಸ್ಕಳೋ," ಎಂದು ಕಂಡಕ್ಟರ್ ಕೂಗಿದರು.

ಕುರಿಗಾಹಿ ತಿರುಗಿಯೂ ನೋಡಲಿಲ್ಲ. "ಅವಕ್ಕೇನು ಟೇಮು ಗೊತ್ತೇನಪ್ಪ?" ಎಂದ.

ಹೊಳಲ್ಕೆರೆಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಬುಟ್ಟಿಯೊಂದಿಗೆ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕುಳಿತಳು. ಹೊಸದುರ್ಗದಿಂದ ಬಂದ ಬಸ್ಸಿನವರ ಬಾಯಲ್ಲಿ ಕೇಳಿದ ಸುದ್ದಿಯನ್ನು ಪಕ್ಕದವಳಿಗೆ ಹೇಳತೊಡಗಿದಳು. "ಹೊಸದುರ್ಗದಾಗೆ ಯಾರೋ ಸುಟ್ಕಂಡ್ಲಂತೆ ಕಣಮ್ಮ. ಗೌರ್ಮೆಂಟ್ ನೌಕರಿಯೋರ ಹೆಂಡ್ತಿ. ಹೋಗೇಬಿಟ್ಲಂತೆ. ಎರಡು ಸಣ್ಣ ಮಕ್ಳಂತೆ."

ನಾನು ಬಗ್ಗಿ ಕೇಳಿದೆ, "ನೀವು ನೋಡಿದ್ರಾ?"

"ನಾನ್ಯಾಕೆ ನೋಡ್ಲಪ್ಪ. ಅಂದ್ರು."

"ಯಾರು ಅಂದ್ರು?"

"ಬಸ್ಸಿನಾಗಿದ್ದೋರು."

"ಅವರು ನೋಡಿದ್ರಂತಾ?"

ಅವಳು ಪೂರ್ತಿ ತಿರುಗಿ ನನ್ನನ್ನು ನೋಡಿದಳು. "ಏನಪ್ಪ, ನೀನೇನು ಪೋಲೀಸಿನೋನಾ?"

ಅಲ್ಲ ಎಂದೆ. ನೋಡದವರ ಮಾತು, ಮೂರನೆಯ ಬಾಯಿಂದ ಬಂದದ್ದು, ಆಧಾರವಿಲ್ಲ. ಬೇರೆ ದಿನವಾಗಿದ್ದರೆ ಅದನ್ನು ಹೊಡೆದುಹಾಕಿ ಮುಂದೆ ಹೋಗುತ್ತಿದ್ದೆ. ಅವತ್ತು ಆಗಲಿಲ್ಲ. ಎರಡು ಸಣ್ಣ ಮಕ್ಕಳು ಎಂಬುದು ಒಳಗೆ ಹೊಕ್ಕು ಕುಳಿತಿತ್ತು. ಮುಂದಿನ ಒಂದು ಗಂಟೆಯ ದಾರಿ ನನಗೆ ಈಗಲೂ ನೆನಪಿಲ್ಲ. ಮುಂದಿನ ಸೀಟಿನ ಕಂಬಿಯ ಮೇಲೆ ಬಣ್ಣ ಎದ್ದುಹೋದ ಒಂದು ಜಾಗವಿತ್ತು. ಅದೊಂದು ನೆನಪಿದೆ.

ನಿಲ್ದಾಣದಿಂದ ಅಕ್ಕನ ಮನೆಗೆ ಹತ್ತು ನಿಮಿಷದ ದಾರಿ. ಓಡಲಿಲ್ಲ. ಓಡಿದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಮನೆಗೆ ಬೀಗ. ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇಲ್ಲ. ಸುತ್ತಿಕೊಂಡು ಹಿತ್ತಲಿಗೆ ಹೋದೆ. ಎರಡೂ ಮನೆಗೆ ಸೇರಿ ಒಂದೇ ಹಿತ್ತಲು, ನಡುವೆ ಹೊಂಗೆ ಮರ. ಮರದ ಕೆಳಗೆ ಸ್ಟೌ ಮಗ್ಗುಲಾಗಿ ಬಿದ್ದಿತ್ತು. ಬಾಣಲಿಯಲ್ಲಿ ಒಗ್ಗರಣೆ, ಕಡಲೆಬೇಳೆ ಕಪ್ಪಾಗಿತ್ತು. ತುರಿದ ಮಾವಿನಕಾಯಿಯ ಮೇಲೆ ಇರುವೆ ಮುತ್ತಿತ್ತು. ನೆಲದಲ್ಲಿ ಕರಿ ಕಲೆ. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಕಿತ್ತು ಬಂದು ಮಣ್ಣಿನಲ್ಲಿ ಬಿದ್ದಿತ್ತು. ಅದರ ಮೇಲಿದ್ದ ಎರಡು ಕಂಬಳಿಯಲ್ಲಿ ಒಂದೇ ಅಲ್ಲಿತ್ತು.

ಆಚೆ ಮನೆಯ ಜಗಲಿಯಿಂದ ಒಬ್ಬ ಮುದುಕರು, "ಯಾರು ಬೇಕಾಗಿತ್ತಪ್ಪ?" ಎಂದರು.

"ಈ ಮನೆಯೋರು."

"ಆಸ್ಪತ್ರೆಗೆ ಹೋದ್ರು."

"ಯಾರಿಗೆ ಸುಟ್ಟಿದ್ದು? ಈ ಮನೆಯೋರಿಗಾ, ಆ ಮನೆಯೋರಿಗಾ?"

"ಇಬ್ರೂನೂ ಕರ್ಕಂಡು ಹೋದ್ರು," ಎಂದರು.

ಇಬ್ಬರೂ ಎಂದರೆ ಏನು ಎಂದು ಕೇಳಲು ನಿಲ್ಲಲಿಲ್ಲ. ಈಗ ಓಡಿದೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ಬೆಂಚು. ಅದರ ಮೇಲೆ ಅಕ್ಕ ಕುಳಿತಿದ್ದಳು. ಹಳೆಯ ಹತ್ತಿ ಸೀರೆ, ಸೆರಗಿಗೆ ಸುಣ್ಣದ ಕಲೆ. ಎರಡೂ ಅಂಗೈಗೆ ಪಟ್ಟಿ ಕಟ್ಟಿದ್ದರು. ಕೈಗಳನ್ನು ಮೇಲಕ್ಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನನ್ನು ಕಂಡು, "ಊಟ ಆತೇನೋ?" ಎಂದಳು.

ನಾನು ಅವಳ ಪಕ್ಕ ಕುಳಿತೆ.

ನಡೆದದ್ದು ಹೀಗೆ. ಭಾವ ಮಕ್ಕಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಮಾರಿಕಣಿವೆಗೆ ಹೋಗಿದ್ದರು. ಸುಣ್ಣ ಬಳಿಯುವವರು ಬರುತ್ತಾರೆ ಎಂದು ಅಕ್ಕ ಮನೆಯಲ್ಲಿ ಉಳಿದಳು. ಪಕ್ಕದ ಮನೆಯ ಗೆಳತಿ, ಭಾವನ ಕಚೇರಿಯ ಇನ್ನೊಬ್ಬ ಗುಮಾಸ್ತರ ಹೆಂಡತಿ, ಗಂಡನ ಜೊತೆ ಎರಡನೆಯ ಬಸ್ಸಿಗೆ ಹೊರಟಿದ್ದಳು. ಹಿಂದಿನ ದಿನ ಬಂದು ಅಕ್ಕನ ಹಸಿರು ಸೀರೆ ಕೇಳಿ ಉಡಲು ತೆಗೆದುಕೊಂಡು ಹೋಗಿದ್ದಳು. ಬೆಳಿಗ್ಗೆ ಅದನ್ನೇ ಉಟ್ಟು ಸ್ಟೌ ಹಿತ್ತಲಿಗೆ ತಂದು ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟಳು. ಗಂಡ ಸೀಟು ಹಿಡಿಯಲು ಮುಂಚೆಯೇ ನಿಲ್ದಾಣಕ್ಕೆ ಹೋಗಿದ್ದರು. ಗಾಳಿ ಬಂತು. ಸೆರಗು ಹಾರಿತು. ಅಕ್ಕ ಒಳಗಿನಿಂದ ಬರುವ ಹೊತ್ತಿಗೆ ಮೊಣಕಾಲವರೆಗೆ ಬೆಂಕಿ. ಬಿಸಿಲಿಗೆ ಹಾಕಿದ್ದ ಕಂಬಳಿ ಹಗ್ಗದ ಸಮೇತ ಎಳೆದು ಅವಳ ಮೇಲೆ ಹಾಕಿ, ತಾನೂ ಅವಳ ಮೇಲೆ ಬಿದ್ದು ಅದುಮಿ ಹಿಡಿದಳಂತೆ.

"ನೀನು ಹೇಳಲಿಲ್ವಾ ಅವರಿಗೆ, ಒಲೆ ಮುಂದೆ ಉಡಬಾರದು ಅಂತ?" ಎಂದೆ. ಈ ಪ್ರಶ್ನೆ ಕೇಳಬಾರದಿತ್ತು.

"ಹೇಳ್ದೆ. ಬಾಗಿಲತಂಕ ಬಂದು ಹೇಳ್ದೆ. ನಕ್ಳು. 'ಪೇಪರ್ನಾಗೆ ಅಷ್ಟುದ್ದ ಬರೆದವ್ರೆ, ಅಂಥದ್ದೇನಾದ್ರೂ ಇದ್ದಿದ್ರೆ ಬರೀತಿರಲಿಲ್ವಾ, ನೀವು ಸೀರೆ ಕೊಡಾಕೆ ಜಿಪುಣತನ ಮಾಡ್ತೀರಿ' ಅಂದ್ಳು." ಅಕ್ಕ ಪಟ್ಟಿ ಕಟ್ಟಿದ ಕೈ ನೋಡಿಕೊಂಡಳು. "ಲೇ ತಮ್ಮ. ನಾನು ಬರ್ದಿದ್ನಲ್ಲ ನಿಂಗೆ. ಅದು ಪೇಪರ್ನಾಗೆ ಯಾಕೆ ಬರಲಿಲ್ಲ?"

"ಜಾಗ ಇರಲಿಲ್ಲ," ಎಂದೆ.

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಕ್ಕ ಅಲ್ಲ ಎಂದು ತಿಳಿದ ಕೂಡಲೇ ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯಿತು, ಒಂದು ಕ್ಷಣ. ಆ ಒಂದು ಕ್ಷಣಕ್ಕೆ ಈಗಲೂ ನಾಚಿಕೆಯಿದೆ. ಬಾಗಿಲ ಬಳಿ ಆಕೆಯ ಗಂಡ ನಿಂತಿದ್ದರು. ಪ್ರವಾಸಕ್ಕೆಂದು ತೆಗೆದುಕೊಂಡ ಬಟ್ಟೆ ಚೀಲ ಇನ್ನೂ ಹೆಗಲಲ್ಲೇ ಇತ್ತು. ಡಾಕ್ಟರು ಹೊರಗೆ ಬಂದು, ಎಡಗಾಲು ಮತ್ತು ಎರಡೂ ಕೈ ಸುಟ್ಟಿದೆ, ಕಂಬಳಿ ಹಾಕಿದ್ದು ಒಳ್ಳೆಯದಾಯಿತು, ಆದರೂ ಎಂಟು ದಿನ ಕಳೆಯುವವರೆಗೆ ಏನೂ ಹೇಳಲಾರೆ ಎಂದರು. ನಾನು ಜೇಬಿನ ಟಿಪ್ಪಣಿ ಪುಸ್ತಕ ತೆಗೆದು ಅದನ್ನು ಬರೆದುಕೊಂಡೆ. ಆ ಪುಟದ ಅಕ್ಷರ ನನಗೇ ಓದಲು ಬರುವುದಿಲ್ಲ.

ಆ ಎಂಟು ದಿನ ಕಚೇರಿಗೆ ಹೊಸದುರ್ಗದ ಕವರ್ ಬಂದಾಗಲೆಲ್ಲ ಅದನ್ನು ಬೇರೆಯವರಿಂದ ಒಡೆಸುತ್ತಿದ್ದೆ. ಮುಂದಿನ ಭಾನುವಾರದ ಪುಟದಲ್ಲಿ ಆ ನಾಲ್ಕು ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದೆವು. ಹಿಂದಿನ ಸಲ ಅದನ್ನು ಬಿಟ್ಟದ್ದು ನಮ್ಮ ತಪ್ಪು ಎಂದೂ ಸೇರಿಸಿದೆವು. ಮೊಳೆ ಜೋಡಿಸುವ ಹಿರಿಯರು ಆ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಜೋಡಿಸಿದ್ದರು. ನಾನು ಹೇಳಿರಲಿಲ್ಲ. "ಓದಿ ನೋಡ್ರಿ ಒಂದ್ಸಲ," ಎಂದರು. ಈ ಸಲ ಓದಿದೆ.

ಆಕೆ ಉಳಿದಳು. ಹದಿನೈದನೆಯ ದಿನ ನಾನು ಹೊಸದುರ್ಗಕ್ಕೆ ಹೋದಾಗ ಮಾತಾಡುವಷ್ಟಾಗಿದ್ದಳು. ಗೃಹಿಣಿ ನಾನೇ ಎಂದು ಅಕ್ಕ ಹೇಳಿರಲಿಲ್ಲ. ತಮ್ಮ, ಪೇಪರಿನಲ್ಲಿ ಕೆಲಸ ಎಂದಷ್ಟೇ ಹೇಳಿ, ಉಳಿದದ್ದು ನಿನಗೆ ಬಿಟ್ಟಿದ್ದು ಎಂಬಂತೆ ನನ್ನ ಮುಖ ನೋಡಿದಳು.

"ನಿಮ್ಮ ಪೇಪರ್ನಾಗೆ ಗೃಹಿಣಿ ಅಂತ ಬರೀತಾಳಲ್ರಿ," ಎಂದಳು ಆಕೆ ಆಸ್ಪತ್ರೆಯ ಹಾಸಿಗೆಯಿಂದ, "ಆಕೆಗೊಂದು ಕಾಗದ ಬರೆಸ್ಬೇಕು. ನೀವೇ ಬರ್ಕಳ್ರಿ, ನಂಗೆ ಕೈ ಆಗಲ್ಲ."

"ಆ ಗೃಹಿಣಿ ನಾನೇ," ಎಂದೆ. "ಒಲೆ ಮುಂದೆ ಉಡಬಾರದು ಅಂತ ಬರೆದಿತ್ತು. ಜಾಗ ಸಾಲದೆ ತೆಗೆಸಿದೋನೂ ನಾನೇ."

ಆಕೆ ತಲೆ ತಿರುಗಿಸಿ ನನ್ನನ್ನು ನೋಡಿದಳು. ಅಷ್ಟು ಭಯ ನನಗೆ ಬಸ್ಸಿನಲ್ಲೂ ಆಗಿರಲಿಲ್ಲ.

"ನೀವಾ?" ಎಂದಳು. "ಕೋಸಂಬರಿಗೆ ಉಪ್ಪು ಯಾವಾಗ ಹಾಕ್ಬೇಕು ಅಂತ ಹೇಳಿದ್ದೂ ನೀವೇನಾ?"

"ಅದು ಅಕ್ಕ ಹೇಳಿದ್ದು."

"ಅದಕ್ಕೇ ಸರಿಯಾಗಿತ್ತು," ಎಂದಳು. ಪಕ್ಕದಲ್ಲಿದ್ದ ಗಂಡ ನಗಲು ಹೋಗಿ ನಿಲ್ಲಿಸಿದರು. ಆಕೆ ನಗಲಿಲ್ಲ. ಗೋಡೆಯ ಕಡೆ ತಿರುಗಿದಳು. ನಾವು ಹೊರಗೆ ಬಂದೆವು.

ಊರಿಗೆ ಹೊರಟಾಗ ಅಕ್ಕ ಎಂದಿನಂತೆ ಬಾಗಿಲವರೆಗೆ ಬಂದಳು. ನಾನು ಚಪ್ಪಲಿ ಮೆಟ್ಟಿ ನಿಂತುಕೊಂಡೆ. ಈಗ ಹೇಳುತ್ತಾಳೆ ಎಂದು ಗೊತ್ತಿತ್ತು.

"ಅವಳಿಗೆ ಪೇಪರ್ ಹಿಡ್ಕಳಾಕಾಗಲ್ಲ," ಎಂದಳು. "ಗಂಡಂಗೆ ಓದೋ ತಾಳ್ಮೆ ಇಲ್ಲ. ಕೈ ನೆಟ್ಟಗಾಗೋತಂಕ ಭಾನುವಾರ ಭಾನುವಾರ ನೀನು ಬಂದು ಓದಿ ಹೇಳ್ಬೇಕು."

ಮಳೆಗಾಲ ಹಿಡಿಯುವವರೆಗೂ ಹೋದೆ. ಮೊದಲ ಭಾನುವಾರ ಆಕೆಯ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಹಪ್ಪಳ, ಬೇಸಿಗೆಗೆ ಮಡಕೆ ಪಳಗಿಸುವುದು, ಮಕ್ಕಳ ಬೆವರುಸಾಲೆ. ಆಕೆ ಪಟ್ಟಿ ಕಟ್ಟಿದ ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು. ನಾನು ಪತ್ರಿಕೆ ಮಡಿಸಿದೆ.

"ಮುಗೀತಾ?" ಎಂದಳು.

"ಮುಗೀತು."

"ಇದ್ರಾಗೆ ಏನು ಬಿಟ್ಟಿದೀರಿ, ಅದು ಹೇಳ್ರಿ."

ಬಿಟ್ಟದ್ದು ಎರಡು ಸಾಲು ಇತ್ತು. ಹೇಳಿದೆ.